ಎರಡನೆಯ ಸೀನು ಮತ್ತು ಸಾವಂತ್ರವ್ವನ ರಂಗೋಲಿ ಕಾರ್ಡು

ಒಂದಾನೊಂದು ಊರಿನಲ್ಲಿ, ಅಲ್ಲಿಗೆ ನೀವೂ ಹೋಗಿಲ್ಲ ನಾನೂ ಹೋಗಿಲ್ಲ, ಒಬ್ಬ ರಾಜನಿದ್ದ. ಸೀನಿದರೆ ಎರಡೇ ಸಲ ಸೀನುತ್ತಿದ್ದ. ಒಂಟಿ ಸೀನು ಅಪಶಕುನ, ಅದು ಕಿವಿಗೆ ಬಿದ್ದರೆ ಅದರ ಜೋಡಿ ಬರುವ ತನಕ ಎದ್ದು ಹೊರಡುವಂತಿಲ್ಲ, ಗೊತ್ತಲ್ಲ? ತನ್ನ ಸೀನೆಂದರೆ ರಾಜನಿಗೆ ಎಲ್ಲಿಲ್ಲದ ಪ್ರೀತಿ. ಅದನ್ನು ತಿರುಗಿ ಕೇಳಲೆಂದೇ ಆಸ್ಥಾನದಲ್ಲಿ ಕಂಪ್ಯೂಟರ್ ಇಡಿಸಿದ್ದ. ಅದಕ್ಕೆ ದನಿ ಕೊಡುವ ಸೌಂಡ್ ಕಾರ್ಡು ಅರಗಿನ ಮುದ್ರೆ ಒತ್ತಿದ ಡಬ್ಬಿಯಲ್ಲಿ ಭದ್ರವಾಗಿತ್ತು.

ಒಂದು ದಿನ ರಾಜ "ಆಕ್ಷೀ! ಆಕ್ಷೀ!" ಎಂದ. ಕಂಪ್ಯೂಟರ್ "ಆಕ್ಷೀ!" ಎಂದು ಸುಮ್ಮನಾಯಿತು.

ಒಂಟಿ ಸೀನು! ಏಳಹೊರಟವರೆಲ್ಲ ಕೂತುಬಿಟ್ಟರು. ಕೂತವರು ಆರು ತಿಂಗಳು ಕೂತೇ ಇದ್ದರು. ಮಜ್ಜಿಗೆ ಕೊಟ್ಟುಬರಲು ಹೋಗಿದ್ದ ಗುರುಪಾದಪ್ಪನೂ ಚೊಂಬು ಹಿಡಿದು ಅಲ್ಲೇ ಕೂತ.

ಅವನ ಹೆಂಡತಿ ಸಾವಂತ್ರವ್ವನಿಗೆ ಬೈಯಲು ಗಂಡನಿಲ್ಲದೆ ಊಟ ಸೇರದಾಯಿತು. ಅರಮನೆಗೆ ಬಂದು, ಒಳಗೆ ಹೋದರೆ ತಾನೂ ಕೂರಬೇಕಾದೀತೆಂದು ಹೊಸಿಲಿನಾಚೆಯೇ ನಿಂತಳು.

"ಆ ಡಬ್ಬಿ ಒಡೀರಿ."

"ಆಗದು, ಒಳಗೆ ಗುಟ್ಟಿದೆ," ಎಂದ ಕಾರ್ಡು ಮಾಡಿದ ಅಕ್ಕಸಾಲಿ.

"ಏನ್ ಗುಟ್ಟು? ನೀನಾರ ಹೇಳು."

"ಎಷ್ಟು ದೊಡ್ಡ ಗುಟ್ಟೆಂದರೆ, ನಾನು ನನಗೂ ಹೇಳಿಕೊಂಡಿಲ್ಲ."

ಡಬ್ಬಿಯೊಳಗಿಂದ ಕಾರ್ಡು ಕೂಗಿತು: "ಎರಡನೇದು ನನ್ನ ಗಂಟಲಾಗ ಸಿಕ್ಕೊಂಡೈತಿ, ಯಾರಾರ ಮುಚ್ಚಳ ತಗೀರಿ!" ಯಾರೂ ತೆಗೆಯಲಿಲ್ಲ. ಗುಟ್ಟಲ್ಲವೇ!

"ಹಂಗಾದ್ರ ಬ್ಯಾರೆ ಕಾರ್ಡು ನಾನ ಮಾಡ್ತೀನಿ," ಎಂದಳು ಸಾವಂತ್ರವ್ವ.

"ಎರಡು ಸೀನು ಬಂದರೆ ಎಲ್ಲರೂ ಏಳಲಿ. ಬರದಿದ್ದರೆ ನೀನೂ ಇಲ್ಲೇ ಕೂರು, ಜನ್ಮವಿಡೀ," ಎಂದ ರಾಜ.

ಅವಳಿಗೆ ಬರುತ್ತಿದ್ದ ನಕ್ಷೆ ಒಂದೇ, ರಂಗೋಲಿ. ಬೆಳಿಗ್ಗೆ ಅಂಗಳ ಸಾರಿಸಿ, ಚುಕ್ಕಿ ಇಟ್ಟು, ತಂತಿ ಹೋಗಬೇಕಾದಲ್ಲೆಲ್ಲ ಗೆರೆ ಎಳೆದು, ಬೀದಿಯಲ್ಲೇ ಸೌಂಡ್ ಕಾರ್ಡು ಬರೆದಳು. ಬೀದಿಯಲ್ಲಿ ಬರೆದ ಮೇಲೆ ಹೋಗಿಬರುವವರು ಬಾಯಿ ಹಾಕದೆ ಇರುತ್ತಾರೆಯೇ? "ಈ ಗೆರಿ ಆ ಗೆರಿಗೆ ತಾಗೇತಿ, ಗೊರಗೊರ ಅಂತೈತಿ ನೋಡು," ಎಂದು ಬಳೆಗಾರ್ತಿ ಒರೆಸಿದಳು. ಮಗ್ಗದ ಮುದುಕ ಎರಡು ಚುಕ್ಕಿ ಸರಿಸಿದ. ಕೋಳಿಯೊಂದು ಒಂದು ಚುಕ್ಕಿ ತಿಂದಿತು. ಅದು ಬೇಡದ ಚುಕ್ಕಿಯೇ ಆಗಿತ್ತು. ನೋಡಿದವರೆಲ್ಲ ತಮ್ಮ ಬಾಗಿಲಿಗೂ ಅದೇ ರಂಗೋಲಿ ಇಟ್ಟುಕೊಂಡರು. ಹತ್ತನೆಯ ದಿನ ಗೆರೆಗಳ ಮೇಲೆ ತಾಮ್ರದ ತಂತಿ ಹಾಸಿ, ಬೆಸೆದು, ರೊಟ್ಟಿ ಎತ್ತುವಂತೆ ನೆಲದಿಂದ ಎತ್ತಿದರು.

ಸಾವಂತ್ರವ್ವ ಕಾರ್ಡು ಹಿಡಿದು ಹೊಸಿಲು ದಾಟಿದಳು. ಕಂಪ್ಯೂಟರಿಗೆ ಸಿಕ್ಕಿಸಿದಳು. ರಾಜ ಸೀನಿದ, ಎರಡು ಸಲ.

"ಆಕ್ಷೀ!" ಎಂದಿತು ಕಂಪ್ಯೂಟರ್.

ಆಮೇಲೆ ಸದ್ದಿಲ್ಲ. ಗುರುಪಾದಪ್ಪ ಹೆಂಡತಿಗಾಗಿ ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಆಕ್ಷೀ!"

ಬಂತು, ಎರಡನೆಯದು ಬಂತು! ಮಂತ್ರಿ ಎದ್ದ, ಕಾವಲುಗಾರ ಎದ್ದ, ಸಿಂಹಾಸನವೂ ಎದ್ದು ಮೈ ಮುರಿಯಿತು. ಚೊಂಬಿನ ಮಜ್ಜಿಗೆ ಕಾದು ಕಾದು ಬೇಸತ್ತು ಮತ್ತೆ ಹಾಲಾಗಿತ್ತು.

"ಇದಕ್ಕೂ ಅರಗು ಒತ್ತಿ!" ಎಂದ ರಾಜ.

"ಒತ್ರಿ. ಆದ್ರ ಊರಾಗಿನ ಎಲ್ಲಾ ಬಾಗಲಿಗೂ ಒತ್ತಬೇಕಾಕ್ಕೈತಿ," ಎಂದಳು ಸಾವಂತ್ರವ್ವ.

ಅಷ್ಟರಲ್ಲಿ ಮುನ್ನೂರು ಮನೆಗಳ ಬಾಗಿಲ ರಂಗೋಲಿಗಳಿಂದ ರಾಜನ ಸೀನು ಕೇಳಿಬಂತು, ಜೋಡಿ ಜೋಡಿಯಾಗಿ. ರಾಜನಿಗೆ ಆನಂದಬಾಷ್ಪ. ತಾನೇ ಹೋಗಿ ಹಳೆಯ ಡಬ್ಬಿ ಒಡೆದ. ಒಳಗೆ ಸಿಕ್ಕಿಕೊಂಡಿದ್ದ ಸೀನು ಕಿಟಕಿಯಿಂದ ಹಾರಿಹೋಯಿತು. ಸಾವಂತ್ರವ್ವ ಗಂಡನನ್ನು ದಾರಿಯುದ್ದಕ್ಕೂ ಮನಸಾರೆ ಬೈಯುತ್ತ ಮನೆಗೆ ಕರೆದೊಯ್ದಳು. ಅವಳಷ್ಟು ಸುಖಿ ಆ ದಿನ ಯಾರೂ ಇರಲಿಲ್ಲ.

ಅವರು ಎದ್ದರು, ನಡೆದರು, ಮನೆ ಸೇರಿದರು. ಈಗ ಹಿಂದಿನ ಸಾಲಿನಲ್ಲಿ ಯಾರೋ ಸೀನಿದಿರಲ್ಲ, ಒಂದೇ ಸಲ? ಇನ್ನೊಂದು ಬರುವ ತನಕ ಕೂತಿರಿ. ಇಲ್ಲವೇ ರಂಗೋಲಿ ಹಿಟ್ಟು ತನ್ನಿ.