ಹತ್ತನೆಯ ಚೀಟಿ

ಚೀನಾ ದೇಶದ ಒಂದು ನದೀತೀರದಲ್ಲಿ ಸುನ್‌ಮೊ ಎಂಬ ಮುದಿ ವೈದ್ಯನಿದ್ದ. ಅವನ ಶಿಷ್ಯ ಬೋವೆನ್ ಕಲಿಯುವುದರಲ್ಲಿ ಚುರುಕು, ಕಾಯುವುದರಲ್ಲಿ ಮಾತ್ರ ಸೊನ್ನೆ.

ದೋಣಿ ನಡೆಸುವ ಯುಲಾನ್‌ಗೆ ಒಂಬತ್ತು ವರ್ಷದಿಂದ ಕರುಳಿನ ಬೇನೆ. ಹೊಟ್ಟೆ ನುಲಿತ, ರಕ್ತಭೇದಿ. ತಿಂಗಳು ಸುಮ್ಮನಿದ್ದು ಮತ್ತೆ ಕೆರಳುತ್ತಿತ್ತು. ನಡುಹೊಳೆಯಲ್ಲಿ ಕೆರಳಿದರೆ ಪಾಪ, ಎಲ್ಲಿಗೆ ಓಡಬೇಕು? ವಸಂತದೊಳಗೆ ಹುಟ್ಟು ಹಿಡಿಯದಿದ್ದರೆ ದೋಣಿ ಬೇರೆಯವರಿಗೆ ಎಂದು ಊರಿನವರು ಹೇಳಿಬಿಟ್ಟಿದ್ದರು.

ಗುರು ಅವಳ ನಾಲಿಗೆ ನೋಡಿದ. ನಾಡಿ ಹಿಡಿದ. ಆರು ಬೇರುಗಳ ಕಷಾಯಕ್ಕೆ ಚೀಟಿ ಬರೆದು, "ಇನ್ನು ನೀನು ನೋಡಿಕೋ" ಎಂದು ಶಿಷ್ಯನಿಗೆ ಒಪ್ಪಿಸಿದ.

ಐದನೇ ದಿನವೇ ಬೋವೆನ್ ಬಂದ. "ಗುರುಗಳೇ, ಗುಣ ಕಾಣಲಿಲ್ಲ. ಚೀಟಿ ಬದಲಿಸಿದೆ."

"ಒಂಬತ್ತು ವರ್ಷದ ಬೇನೆ ಕಣೋ!"

ಹತ್ತನೇ ದಿನ ಮತ್ತೆ ಬಂದ. ಹದಿನೈದನೇ ದಿನವೂ. ಪ್ರತಿ ಸಲ ಹೊಸ ಬೇರು, ಹೊಸ ತೊಗಟೆ. ಅವನ ಮುಖ ಕಂಡರೆ ಸಾಕು, ಗುರುವಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಎರಡು ತಿಂಗಳಾದ ಮೇಲೆ ಓಡೋಡಿ ಬಂದ. "ಗುರುಗಳೇ, ಯುಲಾನ್ ಇವತ್ತು ದೋಣಿ ನಡೆಸಿದಳು! ನನ್ನ ಹತ್ತನೆಯ ಚೀಟಿ ಹಿಡಿಯಿತು!"

ಗುರು ಅವನನ್ನು ಕರೆದುಕೊಂಡು ಅವಳ ಮನೆಗೆ ನಡೆದ. ಆ ಸೀಮೆಯಲ್ಲಿ ಕಷಾಯ ಸೋಸಿ ಉಳಿದ ಚರಟವನ್ನು ದಾರಿಗೆ ಸುರಿಯುವ ವಾಡಿಕೆ. ತುಳಿದು ಹೋದವರ ಹಿಂದೆ ಕಾಯಿಲೆಯೂ ಹೋಗಲಿ ಎಂದು. ಗುರು ಅವಳ ಮನೆ ಮುಂದೆ ಕುಕ್ಕರಗಾಲಲ್ಲಿ ಕೂತು ಚರಟ ಕೆದಕಿದ.

"ಎಣಿಸು."

ಬೋವೆನ್ ಎಣಿಸಿದ. ಆರೇ ಬೇರು. ಎಲ್ಲವೂ ಗುರುವಿನ ಚೀಟಿಯವು.

"ಯುಲಾನಕ್ಕ! ನಾನು ಬರೆದದ್ದೆಲ್ಲ ಏನಾಯಿತು?"

ಅವಳು ಬಾಗಿಲಲ್ಲಿ ನಿಂತು ತಲೆ ತಗ್ಗಿಸಿದಳು. "ಪೆಟ್ಟಿಗೆಯಲ್ಲಿವೆ ವೈದ್ಯರೇ, ಹತ್ತೂ ಚೀಟಿ. ಗುರುಗಳು ಬರೆದ ಮೊದಲನೆಯದನ್ನೇ ಅಂಗಡಿಗೆ ತೋರಿಸಿ ಬೇರು ತರುತ್ತಿದ್ದೆ. ಬೇನೆ ಪೂರ್ತಿ ಹೋಗಿಲ್ಲ. ಹೊಳೆ ದಾಟುವಷ್ಟು ಹೊತ್ತು ಸುಮ್ಮನಿರುತ್ತೆ."

"ನನಗೊಂದು ಮಾತು ಹೇಳಬಾರದಿತ್ತೇ?"

"ಹೇಗೆ ಹೇಳಲಿ? ಹೊಸ ಚೀಟಿ ಬರೆದ ಮೇಲೇ ನಿಮ್ಮ ಮುಖ ಸ್ವಲ್ಪ ಗೆಲುವಾಗುತ್ತಿತ್ತು."

ಬೋವೆನ್‌ಗೆ ಮೈಯೆಲ್ಲ ಉರಿಯಿತು. "ಕೇಳಿದಿರಾ ಗುರುಗಳೇ? ನಿದ್ದೆಗೆಟ್ಟು ಬರೆದ ಹತ್ತು ಚೀಟಿ! ಒಂದೂ ರೋಗಿಗೆ ಮುಟ್ಟಲಿಲ್ಲ!"

ಗುರು ಕೈ ಕೊಡವಿಕೊಂಡು ಎದ್ದ.

"ಹತ್ತೂ ಮುಟ್ಟಿವೆ. ನಿನ್ನ ಚಡಪಡಿಕೆಗೆ ನೀನೇ ಬರೆದುಕೊಂಡ ಮದ್ದು ತಾನೇ? ಎಲ್ಲಿ, ಕೈ ಚಾಚು. ಎಷ್ಟು ಗುಣವಾಗಿದೆ ನೋಡೋಣ."