ಹೂಮಳೆಯ ಗಡಿಗೆ ಕೊನೆಗೇ ಯಾಕೆ

"ಸೌತೆ ಬೀಜ ಬೂದಿಯಲ್ಲಿ ಇಟ್ಟಿದೀನಿ. ಮೊದಲ ಮಳೆಗೆ ಹಾಕಿ. ಮುಚ್ಚಳ ಬಿಗಿ ಐತೆ, ಮೆತ್ತಗೆ ತೆಗೀರಿ."

ನನ್ನ ಹೆಂಡತಿ ಕೆಂಚಮ್ಮ ನನಗೆ ಹೇಳಿದ ಕೊನೇ ಮಾತು ಇದು. ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು. ಯಾವ ಡಬ್ಬಿ ಅಂತ ನಾನು ಕೇಳಲಿಲ್ಲ. ಬೆಳಿಗ್ಗೆ ಕೇಳಿದರಾಯಿತು ಅಂದುಕೊಂಡೆ. ಬೆಳಿಗ್ಗೆ ಕೇಳೋಕೆ ಅವಳಿರಲಿಲ್ಲ.

ಅದು ದೀಪಾವಳಿ ಕಳೆದ ವಾರ. ಈಗ ಯುಗಾದಿ ಹತ್ತಿರ ಬಂತು. ಅಡುಗೆಮನೆ ಹಲಗೆಯ ಮೇಲೆ ಹನ್ನೊಂದು ಡಬ್ಬಿ ಸಾಲಾಗಿ ಕೂತಿವೆ. ನಮ್ಮಿಬ್ಬರಿಗೂ ಓದು ಬರಹ ಅಷ್ಟಕ್ಕಷ್ಟೆ. ಯಾವುದರ ಮೇಲೂ ಹೆಸರಿಲ್ಲ. ಊಟ ಮಗಳ ಮನೆಯಿಂದ ಬರುತ್ತದೆ. ಹಾಗಾಗಿ ಒಂದನ್ನೂ ತೆಗೆದಿರಲಿಲ್ಲ.

ಆ ಬೀಜ ಅವಳು ತವರಿಂದ ಸೆರಗಿನ ತುದಿಗೆ ಕಟ್ಟಿಕೊಂಡು ತಂದದ್ದು. ವರ್ಷಾ ವರ್ಷ ಹಾಕಿ, ಒಂದು ಕಾಯಿಯನ್ನು ಬಳ್ಳಿಯಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೆಗೆದಿಡುತ್ತಿದ್ದಳು. ತವರಲ್ಲಿ ಈಗ ಆ ಬೀಜ ಇಲ್ಲ. ನಮ್ಮ ಬೆಟ್ಟದ ತೇವಕ್ಕೆ ಬೀಜ ಎರಡನೇ ವರ್ಷಕ್ಕೆ ಉಳಿಯುವುದಿಲ್ಲ. ಈ ಸಲ ತಪ್ಪಿದರೆ ಎಲ್ಲೂ ಇಲ್ಲ.

ಮೊನ್ನೆ ಮೊಮ್ಮಗಳು ಇಂಚರ ಬುತ್ತಿ ತಂದಳು. ಏಳು ವರ್ಷದ ಹುಡುಗಿ. ಅವಳು ಮನೆ ಬಿಟ್ಟಾಗ ಬಿಸಿಲು. ಬಸ್ ಸ್ಟ್ಯಾಂಡ್ ತಿರುವಿಗೆ ಬಂದಾಗ ಮಂಜು. ನಮ್ಮ ಬಾಗಿಲಿಗೆ ಬಂದಾಗ ಪಟಪಟ ಆಲಿಕಲ್ಲು.

"ತಾತ, ನಮ್ಮೂರಿಗೆ ಏನ್ ಹುಚ್ಚು ಹಿಡಿದೈತೆ? ಸ್ವೆಟರ್ ಹಾಕು, ತೆಗಿ. ಹಾಕು, ತೆಗಿ. ಸಾಕಾಯ್ತು ನಂಗೆ."

"ಹುಚ್ಚಲ್ಲ. ಹುಡುಕ್ತಾವ್ನೆ."

"ಯಾರು?"

"ಬೆಟ್ಟಜ್ಜ. ಕೂತ್ಕೋ, ಹೇಳ್ತೀನಿ."

ಲೋಕ ಇನ್ನೂ ಈಗಷ್ಟೇ ಸಾರಿಸಿದ ನೆಲದ ಹಾಗೆ ಹಸಿ ಇತ್ತು. ಕಾಲಿಟ್ಟರೆ ಗುರುತು ಮೂಡುತ್ತಿತ್ತು. ಆಗ ಬೆಟ್ಟಜ್ಜನೂ ಅವನ ಹೆಂಡತಿ ಹೊಳೆಯಮ್ಮನೂ ಇದೇ ಬೆಟ್ಟದ ತುದಿಯಲ್ಲಿ ಸಂಸಾರ ಮಾಡುತ್ತಿದ್ದರು. ಆ ಕಾಲದಲ್ಲಿ ಹೊಳೆ ಹರಿಯುತ್ತಿರಲಿಲ್ಲ. ಮನೆಯಲ್ಲೇ ಇರುತ್ತಿದ್ದಳು.

ಅವರ ಅಟ್ಟದ ಮೇಲೆ ಗಡಿಗೆಗಳಿದ್ದವು. ಒಂದರಲ್ಲಿ ಬಿಸಿಲು. ಒಂದರಲ್ಲಿ ಮಂಜು. ಒಂದರಲ್ಲಿ ಆಲಿಕಲ್ಲು. ಒಂದರಲ್ಲಿ ಹೂಮಳೆ. ಹೂಮಳೆ ಅಂದರೆ ಮೊಗ್ಗಿನ ಮಳೆ. ಅದು ಬಿದ್ದರೆ ಮಾತ್ರ ಮೊಗ್ಗು ಬಾಯಿ ಬಿಡುತ್ತದೆ. ಎಲ್ಲ ಗಡಿಗೆಗೂ ಹೊಳೆಯಮ್ಮ ಮುಚ್ಚಳ ಇಟ್ಟು, ಸುತ್ತ ಹಸಿ ಮಣ್ಣು ಮೆತ್ತಿ, ಬೆರಳಲ್ಲಿ ಒತ್ತಿ ಬಿಗಿ ಮಾಡಿದ್ದಳು.

ಬೆಟ್ಟಜ್ಜನ ಕೆಲಸ ಕೂರುವುದು. "ಬಿಸಿಲು ಕೊಡೇ" ಅನ್ನುವನು. ಕೈಗೆ ಬರುತ್ತಿತ್ತು. "ಮಂಜು ಕೊಡೇ" ಅನ್ನುವನು. ಕೈಗೆ ಬರುತ್ತಿತ್ತು. ಎಲ್ಲಿಂದ ಬಂತು ಅಂತ ಒಂದು ದಿನವೂ ತಿರುಗಿ ನೋಡಿದವನಲ್ಲ.

"ಸೋಮಾರಿ," ಅಂದಳು ಇಂಚರ.

"ಹೂಂ," ಅಂದೆ.

ಒಂದು ದಿನ ಕೆಳಗಿನ ಬಯಲು ಕೂಗಿತು. "ಅಕ್ಕಾ, ಗಂಟಲು ಒಣಗಿತು. ಒಂದು ಗುಟುಕು ಕೊಡು."

ಹೊಳೆಯಮ್ಮ ಎದ್ದಳು. "ಹೋಗಿ ಬರ್ತೀನಿ" ಅಂದು ಇಳಿದಳು. ಲೋಕ ಹೊಸದಲ್ಲವಾ, ಯಾರಿಗೂ ಗೊತ್ತಿರಲಿಲ್ಲ. ಹೊಳೆ ಇಳಿಯಬಲ್ಲಳು, ಹತ್ತಲಾರಳು.

ಬೆಟ್ಟಜ್ಜ ದಾರಿ ನೋಡಿದ. ಕತ್ತಲಾಯಿತು. ಬೆಳಗಾಯಿತು. ದಾರಿ ನೋಡಿದ.

"ಹತ್ತೋಕೆ ಆಗಲ್ಲ ಅಂತ ಗೊತ್ತಿದ್ರೆ ಅವಳು ಹೋಗ್ತಿದ್ಲಾ ತಾತ?"

"ಬಯಲು ಅಳ್ತಿತ್ತಲ್ಲ. ಹೋಗ್ತಿದ್ಲು."

ಹೀಗಿರುವಾಗ ಜೇನು ಬಂತು. "ಅಜ್ಜ, ಮೊಗ್ಗೆಲ್ಲ ಬಾಯಿ ಬಿಗಿದು ಕೂತವೆ. ಇನ್ನು ನಾಕು ದಿನ ಬಿಟ್ರೆ ಹಾಗೇ ಒಣಗಿ ಉದುರ್ತವೆ. ಗೂಡಲ್ಲಿ ಮರಿಗಳು ಹಸಿದಿವೆ. ಹೂಮಳೆ ಕೊಡು."

ಬೆಟ್ಟಜ್ಜ ಮೊದಲ ಸಲ ಅಟ್ಟ ಹತ್ತಿದ. ಗಡಿಗೆಗಳೆಲ್ಲ ಒಂದೇ ಥರ.

ಒಂದರ ಮಣ್ಣು ಕೆದಕಿ ಮುಚ್ಚಳ ಕಿತ್ತ. ಪಟಪಟ ಆಲಿಕಲ್ಲು. ಅವನ ಬೋಳು ತಲೆಗೇ ಬಿತ್ತು. ಜೇನು ಎಲೆ ಕೆಳಗೆ ಓಡಿತು. "ಇದಲ್ಲ," ಅಂದ.

ಇನ್ನೊಂದು ಕಿತ್ತ. ಮಂಜು. ಅವನ ಕೈ ಅವನಿಗೇ ಕಾಣಲಿಲ್ಲ. ಮುಚ್ಚಳಕ್ಕೆ ತಡಕಾಡಿದ. "ಇದಲ್ಲ," ಅಂದ.

ಇನ್ನೊಂದು ಕಿತ್ತ. ಬಿಸಿಲು. ಮೊಗ್ಗುಗಳ ತುದಿ ಕೆಂಪಾಯಿತು. "ಅಯ್ಯೋ, ಇದೂ ಅಲ್ಲ," ಅಂದ.

ಗಾಬರಿಯಲ್ಲಿ ಇದರ ಮುಚ್ಚಳ ಅದಕ್ಕೆ ಇಟ್ಟ. ಅದರದ್ದು ಇದಕ್ಕೆ ಇಟ್ಟ. ಒಂದನ್ನು ಮುಚ್ಚಿದರೆ ಇನ್ನೊಂದು ಸೋರಿತು.

ಗಾಳಿ ಆ ದಾರಿಯಲ್ಲಿ ಹೋಗುತ್ತಿತ್ತು. ನಿಂತು ನಕ್ಕಿತು. "ಏನ್ ಯಜಮಾನ್ರೇ, ಇಷ್ಟು ವರ್ಷ ಇದೇ ಸೂರಿನ ಕೆಳಗೆ ಉಂಡು ಮಲಗಿದ್ರಿ. ನಿಮ್ಮ ಅಟ್ಟದಲ್ಲಿ ಏನೈತೆ ಅಂತ ನಿಮಗೇ ಗೊತ್ತಿಲ್ವಾ? ದಾರೀಲಿ ಹೋಗೋಳು ನಾನು, ನನಗೆ ಗೊತ್ತು!"

ಬೆಟ್ಟಜ್ಜನಿಗೆ ಸಿಟ್ಟು ಬರಲಿಲ್ಲ. ಅದು ನಿಜವಾಗಿತ್ತು.

ಕೊನೆಗೆ ಒಂದೇ ಗಡಿಗೆ ಉಳಿಯಿತು. ಹೂಮಳೆ ಅದರಲ್ಲೇ ಇರಬೇಕು. ಮುಚ್ಚಳದ ಮೇಲೆ ಕೈ ಇಟ್ಟ. ಒಣಗಿದ ಮಣ್ಣಿನಲ್ಲಿ ಗುರುತುಗಳಿದ್ದವು. ಹೊಳೆಯಮ್ಮನ ನಾಲ್ಕು ಬೆರಳು, ಒಂದು ಹೆಬ್ಬೆರಳು. ಬೇರೆ ಗಡಿಗೆಗಳಲ್ಲೂ ಇದ್ದವು. ಅವನ್ನೆಲ್ಲ ಅವನೇ ನೋಡದೆ ಒಡೆದು ಹಾಕಿದ್ದ.

"ಇದೊಂದು ಇರಲಿ," ಅಂದ.

ಗಡಿಗೆಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತ. ಹೊರಗೆ ಬಿಸಿಲು ಸೋರಿತು. ಮಂಜು ಸೋರಿತು. ಆಲಿಕಲ್ಲು ಸೋರಿತು. ಒಂದು ದಿನ ಆಯಿತು. ಎರಡು ದಿನ ಆಯಿತು. ಮೂರು ದಿನ ಆಯಿತು.

ಜೇನು ಮತ್ತೆ ಬಂತು. ಈ ಸಲ ಅದರ ರೆಕ್ಕೆಯ ಸದ್ದು ಸಣ್ಣದಾಗಿತ್ತು.

"ಗಡಿಗೆ ಸಿಕ್ತಾ ಅಜ್ಜ?"

"ಸಿಕ್ತು."

"ಮತ್ತೆ?"

"ತೆಗೆದ್ರೆ ಅವಳ ಬೆರಳು ಅಳಿಸಿ ಹೋಗ್ತವೆ."

ಜೇನು ಗಡಿಗೆಯ ಅಂಚಿನ ಮೇಲೆ ಕೂತಿತು. ರೆಕ್ಕೆ ಮಡಚಿತು. ಆಮೇಲೆ ಹೇಳಿತು. "ಮಳೆ ಕೆಡದಿರಲಿ ಅಂತ ಒತ್ತಿದ ಬೆರಳು ಅಜ್ಜ ಅವು."

ಇನ್ನೂ ಹೇಳಲು ಅದಕ್ಕೆ ಶಕ್ತಿ ಇರಲಿಲ್ಲ. ಅದೂ ಹಸಿದಿತ್ತು.

ಇಲ್ಲಿಗೆ ಬಂದು ನಾನು ಸ್ವಲ್ಪ ನಿಲ್ಲಿಸಿದೆ.

"ಆಮೇಲೆ? ತೆಗೆದ್ನಾ ಇಲ್ವಾ?" ಇಂಚರ ನನ್ನ ಮೊಣಕಾಲು ಅಲುಗಿಸಿದಳು.

"ತಾಳು." ನೀರು ಕುಡಿದೆ.

ತೆಗೆದ. ಮೆತ್ತಗೆ ತೆಗೆದ. ಮಣ್ಣು ಅವನ ಅಂಗೈಯಲ್ಲಿ ಪುಡಿಯಾಯಿತು. ಒಂದು ಹನಿ ಬಿತ್ತು. ಎರಡು ಹನಿ ಬಿತ್ತು. ಆಮೇಲೆ ಸದ್ದಿಲ್ಲದ ಮಳೆ. ಬೆಳಗಾಗುವ ಹೊತ್ತಿಗೆ ಬೆಟ್ಟವೆಲ್ಲ ಬಿಳೀ ಹೂವು. ಜೇನು ಆಗಲೇ ಹೂವಿಗೆ ಹಾರಿತ್ತು. ಅದಕ್ಕೆ ಕೆಲಸವಿತ್ತು.

ಮಳೆಯ ನೀರು ಇಳಿಜಾರಿನಲ್ಲಿ ಹರಿದು ಹೊಳೆಗೆ ಸೇರಿತು. ಕೆಳಗೆ ಹೊಳೆಯಮ್ಮ ಒಂದು ಗೇಣು ಮೇಲೆದ್ದಳು. ಓ, ಗಡಿಗೆ ಸಿಕ್ಕಿತು ಅಂತ ಅವಳಿಗೆ ತಿಳಿಯಿತು. ಮತ್ತೆ ತನ್ನ ದಾರಿ ಹಿಡಿದಳು.

ಗಡಿಗೆಗಳು ವರ್ಷಕ್ಕೊಮ್ಮೆ ತಾವೇ ತುಂಬುತ್ತವೆ. ಬೆಟ್ಟಜ್ಜ ವರ್ಷಕ್ಕೊಮ್ಮೆ ಅಟ್ಟ ಹತ್ತುತ್ತಾನೆ.

ಇಂಚರ ಯೋಚಿಸಿದಳು. "ಒಂದ್ಸಲ ಗೊತ್ತಾದ್ಮೇಲೆ ಗುರುತು ಹಾಕಿಟ್ಕೋಬಹುದಿತ್ತಲ್ವಾ? ನಮ್ ಮಿಸ್ ಎಲ್ಲಾದಕ್ಕೂ ಲೇಬಲ್ ಅಂಟಿಸ್ತಾರೆ."

"ಯಾವ್ದು ಅಂತ ಅವನಿಗೆ ಗೊತ್ತು ಕಣವ್ವ."

"ಗೊತ್ತಿದ್ದೂ?"

"ಗೊತ್ತಿದ್ದೂ ಬೇರೆಯವೇ ಮೊದಲು ತೆಗೀತಾನೆ. ಅದನ್ನ ಕೊನೆಗೆ."

"ಈಗ ಅದರ ಮೇಲೆ ಬೆರಳಿಲ್ವಲ್ಲ ತಾತ."

"ಇಲ್ಲ. ಆದ್ರೂ."

ಅದಕ್ಕೇ ಈಗಲೂ ಯುಗಾದಿ ಹತ್ತಿರ ಬಂದಾಗ ನಮ್ಮೂರಲ್ಲಿ ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮಂಜು, ಸಂಜೆಗೆ ಆಲಿಕಲ್ಲು. ಎಲ್ಲ ಆದ ಮೇಲೆ, ತಡವಾಗಿ, ಮೆತ್ತಗೆ, ಹೂಮಳೆ.

ಹೊರಗೆ ಆಲಿಕಲ್ಲು ನಿಂತಿತ್ತು. ಇಂಚರ ಸ್ವೆಟರ್ ಹಾಕಿಕೊಂಡು ಬುತ್ತಿಯ ಖಾಲಿ ಪಾತ್ರೆ ತೆಗೆದುಕೊಂಡಳು. ಹೋಗುವಾಗ ಅಡುಗೆಮನೆ ಹಲಗೆ ಕಡೆ ನೋಡಿದಳು.

"ತಾತ, ಅಜ್ಜಿ ಡಬ್ಬಿಲಿ ಏನೇನೈತೆ?"

"ಗೊತ್ತಿಲ್ಲ."

"ನೋಡ್ತಿರು, ಗಾಳಿ ನಿನ್ನೂ ಬಯ್ಯುತ್ತೆ." ನಗುತ್ತಾ ಓಡಿದಳು.

ಅವತ್ತು ಸಂಜೆ ಮಣ್ಣಿನ ವಾಸನೆ ಬಂತು. ಅರ್ಧ ಗಂಟೆ ಮಳೆ ಹಿಡಿಯಿತು. ಗುಡುಗಿಲ್ಲ, ಸದ್ದಿಲ್ಲ. ಬಾಗಿಲಲ್ಲಿ ಕೂತು ನೋಡಿದೆ.

ಬೆಳಿಗ್ಗೆ ಎದ್ದು ಡಬ್ಬಿಗಳನ್ನು ಒಂದೊಂದಾಗಿ ಇಳಿಸಿದೆ. ಮೊದಲನೆಯದು ಮೆಣಸು. ಎರಡನೆಯದು ಹುಣಸೆ. ಮೂರನೆಯದರಲ್ಲಿ ನನ್ನ ಅಂಗಿಗಳಿಂದ ಉದುರಿದ ಗುಂಡಿಗಳು. ಏಳನೆಯದರ ಮುಚ್ಚಳ ಬಿಗಿ ಇತ್ತು. ಮೆತ್ತಗೆ ತೆಗೆದೆ. ಬಾಯಿಗೆ ಅವಳ ಹಳೇ ಸೀರೆಯ ಚೂರು ತುರುಕಿತ್ತು, ಕೆಳಗೆ ಬೂದಿ, ಬೂದಿಯೊಳಗೆ ಬೀಜ. ಹಿತ್ತಲಲ್ಲಿ ಗುಳಿ ತೋಡಿ ಮೂರು ಮೂರು ಹಾಕಿದೆ. ಸೀರೆಯ ಚೂರನ್ನು ಅವಳ ಹಾಗೆ ಮಡಚಲು ನೋಡಿದೆ. ಬರಲಿಲ್ಲ. ನನಗೆ ಬಂದ ಹಾಗೆ ಮಡಚಿ ಡಬ್ಬಿಗೆ ಹಾಕಿ, ಹಲಗೆಯ ಮೇಲೆ ಇದ್ದ ಜಾಗದಲ್ಲೇ ಇಟ್ಟೆ. ಮುಚ್ಚಳ ಬಿಗಿ ಮಾಡಲಿಲ್ಲ.