ಮುಳ್ಳುಹಂದಿಯ ಬಿಲದ ಬಾಗಿಲಲ್ಲಿ

ಕಾಡಿನ ನಡುವೆ ಒಂದು ದೊಡ್ಡ ಕೆರೆ, ಮಕ್ಕಳೇ. ಕೆರೆಯ ಆಚೆ ದಡದಲ್ಲಿ ಪ್ರಾಣಿಗಳು ನೆಕ್ಕುವ ಉಪ್ಪುಮಣ್ಣಿನ ಹೊಂಡ. ಅದು ತಮ್ಮದು, ತಮ್ಮದು ಎಂದು ಕಾಡುಕೋಣಗಳ ಎರಡು ಹಿಂಡು ನಾಲ್ಕು ದಿನದಿಂದ ಕಾದಾಡುತ್ತಿದ್ದವು. ಗುದ್ದಾಡಿದ್ದು ಅವು, ಬಿಲ ಕುಸಿದದ್ದು ಇಲಿ, ಹೆಗ್ಗಣಗಳದು.

ಈಚೆ ದಡದ ಆಮೆ ನಂಜಜ್ಜಿ ನೋಡುತ್ತ ಕೂರಲಿಲ್ಲ. ಸಣ್ಣಪುಟ್ಟವರನ್ನೆಲ್ಲ ಬೆನ್ನ ಮೇಲೆ ಹತ್ತಿಸಿಕೊಂಡು ಈಚೆಗೆ ದಾಟಿಸತೊಡಗಿದಳು. ಬಿಲಬಿಲ ಹುಡುಕಿ ಕರೆತರುವ ಕೆಲಸ ನೀರುನಾಯಿ ಮಾರಣ್ಣನದು.

ಮಾರಣ್ಣನ ಮನಸ್ಸು ಬೆಣ್ಣೆ. ತಾಳ್ಮೆ ಮಾತ್ರ ಸಾಸಿವೆಯಷ್ಟೂ ಇಲ್ಲ. ಬಿಲದ ಮುಂದೆ ನಿಂತು ಗಂಟಲು ಹರಿಯುವಂತೆ ಮೂರು ಸಲ ಕೂಗುವುದು, ಉತ್ತರ ಬರದಿದ್ದರೆ ಮುಂದಿನ ಬಿಲಕ್ಕೆ ಓಡುವುದು. ಮಧ್ಯಾಹ್ನದ ಹೊತ್ತಿಗೆ, ಇನ್ನು ಯಾರೂ ಉಳಿದಿಲ್ಲ ಎಂದು ಅಜ್ಜಿಗೆ ಹೇಳಿ, ಬಂದವರಿಗೆ ಗೆಡ್ಡೆ ಹಂಚಲು ನಿಂತ.

ಸಾಲಿನಲ್ಲಿದ್ದ ಹೆಗ್ಗಣ ಬೋರವ್ವ ತನ್ನ ಪಾಲು ತೆಗೆದುಕೊಳ್ಳದೆ ಅತ್ತಿತ್ತ ನೋಡುತ್ತಿದ್ದಳು. ತನ್ನ ಪಕ್ಕದ ಬಿಲದ ಮುಳ್ಳುಹಂದಿ ಕೆಂಚಿ ಎಲ್ಲಿ, ಅವಳ ಎರಡು ಮರಿಗಳೆಲ್ಲಿ ಎಂದು ಕೇಳಿದಳು.

"ಅಲ್ಲಿ ಯಾರೂ ಇಲ್ಲವ್ವ. ನಾನೇ ಮೂರು ಸಲ ಕೂಗಿದೆ."

"ಕೂಗಿದ್ಯಾ? ನಾಲ್ಕು ದಿನದಿಂದ ಅಲ್ಲಿ ಕೂಗ್ತಾ ಬಂದೋರೆಲ್ಲ ತುಳಿಯೋಕೆ ಬಂದೋರೇ ಕಣಪ್ಪ. ನಾನು ಹೊರಗೆ ಬಂದಿದ್ದು ನಿನ್ನ ಕೂಗಿಗಲ್ಲ. ಬಿಲ ತಲೆ ಮೇಲೆ ಬಿತ್ತು, ಅದಕ್ಕೆ."

ಮಾರಣ್ಣ ಗೆಡ್ಡೆ ಅಲ್ಲೇ ಬಿಟ್ಟು ಕೆರೆಯತ್ತ ಓಡಿದ. ಅಜ್ಜಿ ಆಗಲೇ ನೀರಿಗಿಳಿದಿದ್ದಳು. ಮುಳ್ಳು ಚುಚ್ಚುವುದಿಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, ಈ ಚಿಪ್ಪಿಗೆ ಅದು ಬೆನ್ನು ತುರಿಸಿದ ಹಾಗೆ ಅಂದಳು.

ಆಚೆ ದಡ ಮುಟ್ಟಿದ ಮೇಲೆ ಅಜ್ಜಿ ನೀರಂಚಿನಲ್ಲೇ ನಿಂತಳು. ಮಾರಣ್ಣ ಕೆಂಚಿಯ ಬಿಲದ ಹತ್ತಿರ ಬಂದಾಗ ದಿಬ್ಬದಾಚೆ ಗೊರಸಿನ ಸದ್ದು. ಕಿರುಚಲು ಬಾಯಿ ತೆರೆದ ಮಾರಣ್ಣ ಹಾಗೇ ಮುಚ್ಚಿಕೊಂಡ. ಹೊಟ್ಟೆಯ ಮೇಲೆ ಮಲಗಿ, ಗದ್ದವನ್ನು ಮಣ್ಣಿಗೆ ಊರಿ, ತಾನು ಯಾರು, ಎಲ್ಲಿಯವನು, ಬೋರವ್ವ ಹೇಗೆ ಊಟ ಬಿಟ್ಟು ಕಾಯುತ್ತಿದ್ದಾಳೆ ಎಂಬುದನ್ನೆಲ್ಲ ಮೆಲ್ಲಗೆ ಹೇಳಿದ. ಆಮೇಲೆ ಅಲ್ಲೇ ಕಾದ. ಗೊರಸು ಹತ್ತಿರವಾದರೂ ಅಲ್ಲಾಡಲಿಲ್ಲ.

ಒಳಗಿಂದ ಒಂದು ಮರಿಯ ದನಿ ಬಂತು. "ಅವ್ವ, ಇವನು ಓಡಿಹೋಗ್ಲಿಲ್ಲ."

ಕತ್ತಲಲ್ಲಿ ಕೆಂಚಿಯ ಮೂಗು ಕಂಡಿತು. "ಆಗಲೇ ಬಂದು ಅರಚಿದೋನು ಯಾರು?"

"ನಾನೇ ಅಕ್ಕ. ತಪ್ಪಾಯ್ತು."

ತಾಯಿ, ಮರಿಗಳು ಹೊರಬಂದು ಹತ್ತು ಹೆಜ್ಜೆ ಇಟ್ಟಿರಬೇಕು, ಕೋಣಗಳು ನುಗ್ಗಿದವು. ಬಿಲವಿದ್ದ ಜಾಗ ನೆಲಸಮವಾಯಿತು. ಅಜ್ಜಿ ಅಷ್ಟರಲ್ಲಿ ಮೂವರನ್ನೂ ಹೊತ್ತು ನೀರಿನಲ್ಲಿದ್ದಳು. ಮಾರಣ್ಣ ಪಕ್ಕದಲ್ಲೇ ಈಜಿ ಬಂದ.

ಈಚೆ ದಡದಲ್ಲೂ ಮರಿಗಳು ತುಟಿ ಬಿಚ್ಚಲಿಲ್ಲ. ಸದ್ದು ಮಾಡಬೇಡಿ ಎಂದು ನಾಲ್ಕು ದಿನ ಹೇಳಿಸಿಕೊಂಡಿದ್ದವು. ಬೋರವ್ವ ಗೆಡ್ಡೆಯ ಹೋಳು ಕೊಟ್ಟಳು. ಚಿಕ್ಕದು ಒಂದು ತುತ್ತು ತಿಂದು, ಇದ್ದಕ್ಕಿದ್ದಂತೆ ಜೋರಾಗಿ ಅಳತೊಡಗಿತು. ಕೆಂಚಿ ಗಾಬರಿಯಿಂದ ಅದರ ಬಾಯಿ ಮುಚ್ಚಿದಳು. ಸುತ್ತ ಒಮ್ಮೆ ನೋಡಿದಳು. ಮೆಲ್ಲಗೆ ಕೈ ತೆಗೆದಳು.

"ಅಳು ಮಗಾ," ಅಂದಳು. "ಎಷ್ಟು ಬೇಕೋ ಅಷ್ಟು ಅಳು."

ನೀತಿ: ಹೆದರಿದವರನ್ನು ಕೂಗಿ ಕರೆದರೆ ಸಾಲದು, ಅವರಿಗೆ ನಂಬಿಕೆ ಬರುವ ತನಕ ಬಾಗಿಲಲ್ಲಿ ಕಾಯಬೇಕು.